ಪಕ್ಕದ ಕುರ್ಚಿ

ಟೈರು ಅಂಗಡಿಯ ಎದುರು ಕಾರು ನಿಲ್ಲಿಸಿಕೊಂಡು ಅವನು ಕೂತು ಮುಕ್ಕಾಲು ಗಂಟೆಯಾಗಿತ್ತು. ಅಂಗಡಿಯವನು ಒಮ್ಮೆ ಬಂದು ಗಾಜು ತಟ್ಟಿ ಏನಾಗಬೇಕು ಎಂದು ಕೇಳಿದ್ದ. ಏನೂ ಇಲ್ಲ, ಒಂದು ಫೋನು ಬರಬೇಕು ಎಂದು ಸುಳ್ಳು ಹೇಳಿ ಸಾಗಹಾಕಿದ್ದಾಯಿತು. ಎರಡನೆಯ ಸಲ ಬಂದಾಗ ಮಾನ ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ ನಾಲ್ಕೂ ಚಕ್ರಕ್ಕೆ ಗಾಳಿ ಹಾಕಿಸಿದ. ಚಕ್ರಗಳಲ್ಲಿ ಗಾಳಿ ಸರಿಯಾಗಿಯೇ ಇತ್ತು. ಅಂಗಡಿಯವನಿಗೂ ಅದು ಗೊತ್ತಾಯಿತು, ಆದರೆ ಅವನು ಮರ್ಯಾದಸ್ಥ, ನಾಲ್ಕನೆಯ ಚಕ್ರದವರೆಗೂ ಸುಮ್ಮನೆ ಕೂತು ಎದ್ದ. ಈಗ ಮೂರನೆಯ ಸಲ ಬಂದರೆ ಏನು ಹೇಳುವುದು ಎಂಬುದೇ ಈ ಬೆಳಿಗ್ಗೆಯ ದೊಡ್ಡ ಚಿಂತೆಯಾಗಿತ್ತು. ಅರವತ್ತೆರಡು ವರ್ಷದ ಮನುಷ್ಯ, ಇಪ್ಪತ್ತೇಳು ಕಂಪನಿಗಳಿಗೆ ಬಂಡವಾಳ ಹಾಕಿದವನು, ನಾಯಕತ್ವ ಎಂದರೇನು ಎಂದು ಊರೂರು ತಿರುಗಿ ಭಾಷಣ ಮಾಡಿದವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿ, ಎಂದಿನಂತೆ ಒಂಬತ್ತಕ್ಕೆ ಮನೆ ಬಿಟ್ಟು, ಹೋಗಲು ಜಾಗವಿಲ್ಲದೆ ಟೈರುಗಳ ರಾಶಿ ನೋಡುತ್ತ ಕೂತಿದ್ದ. ನಿನ್ನೆ ಹನ್ನೊಂದು ಗಂಟೆಗೆ ಅವನನ್ನು ಅವನದೇ ಹೂಡಿಕೆ ಸಂಸ್ಥೆಯಿಂದ ತೆಗೆದಿದ್ದರು. ಹೆಂಡತಿಗೆ ಇನ್ನೂ ಹೇಳಿರಲಿಲ್ಲ. ಹೇಳಬೇಕಾದುದು ಒಂದೇ ಮಾತು. ಅದು ನಿನ್ನೆ ಸಂಜೆ ಊಟದ ಮೇಜಿನ ತನಕ ಬಂದು ಹಿಂದಕ್ಕೆ ಹೋಗಿತ್ತು, ಬೆಳಿಗ್ಗೆ ಶೂ ಹಾಕಿಕೊಳ್ಳುವಾಗ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಒಳಗಿನಿಂದಲೇ, ದಿನವೂ ಕೇಳುವಂತೆ, "ಮಧ್ಯಾಹ್ನ ಊಟಕ್ಕೆ ಬರಲ್ಲ ಅಲ್ವಾ?" ಎಂದು ಕೇಳಿದಳು. ಅವನೂ ದಿನವೂ ಹೇಳುವಂತೆ, "ಇಲ್ಲ" ಎಂದ.

ನಿನ್ನೆ ನಡೆದುದನ್ನು ಅವನು ಈಗ ಎಷ್ಟನೆಯ ಸಲವೋ ನೆನೆದುಕೊಂಡ. ಸಣ್ಣವನು ಕೋಣೆಯೊಳಗೆ ಬಂದ. ಸಣ್ಣವನೆಂದರೆ ಕಿರಿಯ ಪಾಲುದಾರ. ವಯಸ್ಸು ನಲವತ್ತನಾಲ್ಕು, ಕಿವಿಯ ಬಳಿ ನರೆ ಬಂದಿದೆ, ಆದರೆ ಹದಿನೆಂಟು ವರ್ಷದ ಹಿಂದೆ ಇವನೇ ಕರೆದು ಕೆಲಸ ಕೊಟ್ಟಾಗ ಇಟ್ಟ ಹೆಸರು ಹಾಗೇ ಅಂಟಿಕೊಂಡಿದೆ. ಬಂದವನು ಎದುರಿನ ಕುರ್ಚಿಯ ಬೆನ್ನ ಮೇಲೆ ಒಂದು ಕ್ಷಣ ಕೈಯಿಟ್ಟ, ಕೂರಲಿಲ್ಲ. ಮೇಜನ್ನು ಸುತ್ತಿ ಈ ಕಡೆಗೆ ಬಂದ. ಗೋಡೆಯ ಬಳಿಯ ಕುರ್ಚಿಯನ್ನು ನೆಲಕ್ಕೆ ತಾಗಿಸದೆ ಎತ್ತಿ ತಂದು ಪಕ್ಕದಲ್ಲಿಟ್ಟು ಕೂತ. ಅವನು ಕುರ್ಚಿ ಎತ್ತಿದ ಗಳಿಗೆಯಲ್ಲೇ ಎಲ್ಲ ತಿಳಿದುಹೋಯಿತು. ಭಯಕ್ಕಿಂತ ಮೊದಲು ಬಂದದ್ದು ಬೇರೆ: ಎಳೆಯಲಿಲ್ಲ, ಎತ್ತಿದ, ಶಬ್ದವಾಗಲಿಲ್ಲ, ಚೆನ್ನಾಗಿ ಕಲಿತಿದ್ದಾನೆ ಎಂಬ ಮೆಚ್ಚುಗೆ. ಮೇಷ್ಟರ ಮೆಚ್ಚುಗೆ. ಅದನ್ನು ನೆನೆದರೆ ಈಗಲೂ ತನ್ನ ಮೇಲೆಯೇ ಅಸಹ್ಯವಾಗುತ್ತದೆ. ಸಣ್ಣವನು ಹೇಳಬೇಕಾದುದನ್ನು ಮೂರು ವಾಕ್ಯದಲ್ಲಿ ಹೇಳಿದ. ಎಲ್ಲ ಪಾಲುದಾರರೂ ಒಪ್ಪಿದ್ದಾರೆ, ಈ ತಿಂಗಳೇ ಕೊನೆ, ನಾಳೆಯಿಂದ ಬರುವ ತೊಂದರೆ ತೆಗೆದುಕೊಳ್ಳಬೇಡಿ. ಹೇಳಿ ಮುಗಿಸಿದ ಎರಡು ನಿಮಿಷಕ್ಕೆ ಟೀ ಬಂತು. ಅದೂ ಲೆಕ್ಕಾಚಾರದ ಪ್ರಕಾರವೇ.

ಆ ಪದ್ಧತಿ ಅವನದು. ಹಾಕಿದ ಬಂಡವಾಳ ನೆಲಕಚ್ಚುತ್ತಿದೆ, ಕಂಪನಿ ಕಟ್ಟಿದವನ ಕೈಯಿಂದಲೇ ಕಂಪನಿಯನ್ನು ಬಿಡಿಸಬೇಕಾಗಿದೆ ಎಂದಾಗ ಬೇರೆ ಹೂಡಿಕೆದಾರರು ವಕೀಲರನ್ನು ಕಳಿಸುತ್ತಾರೆ, ಪತ್ರ ಬರೆಯುತ್ತಾರೆ. ಅವನು ಹಾಗೆ ಮಾಡಿದವನಲ್ಲ. ತಾನೇ ಹೋಗುತ್ತಿದ್ದ, ಮುಂಚೆ ತಿಳಿಸದೆ. ಎದುರು ಕೂತು ಹೇಳುತ್ತಿರಲಿಲ್ಲ. ಮೇಜು ಸುತ್ತಿ ಹೋಗಿ ಕಂಪನಿ ಕಟ್ಟಿದವನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಟೀ ಬರುವುದರೊಳಗೆ ಹೇಳಿ ಮುಗಿಸುತ್ತಿದ್ದ. ಟೀ ಬಂದಮೇಲೆ ಹೇಳಿದರೆ ಆ ಮನುಷ್ಯ ಕೈಯಲ್ಲಿ ಕಪ್ಪು ಹಿಡಿದುಕೊಂಡಿರಬೇಕಾಗುತ್ತದೆ, ಚೆಲ್ಲಿಕೊಳ್ಳುತ್ತಾನೆ, ಒರೆಸಲು ಬಟ್ಟೆ ಹುಡುಕುತ್ತಾನೆ. ಕೆಲಸ ಕಳೆದುಕೊಳ್ಳುವುದೇ ಸಾಕು, ಅದರ ಮೇಲೆ ಇದೂ ಯಾಕೆ. ಭಾಷಣಗಳಲ್ಲಿ ಇದನ್ನು ಹೇಳಿದಾಗ ಕೇಳುವವರು ಬರೆದುಕೊಳ್ಳುತ್ತಿದ್ದರು. ಎಲ್ಲಿಂದ ಕಲಿತಿರಿ ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು, ಆಗ ಅವನು ತನ್ನ ಇಪ್ಪತ್ತೊಂದನೆಯ ವಯಸ್ಸಿಗೆ ಹೋಗುತ್ತಿದ್ದ. ಅದಕ್ಕೂ ಮುಂಚೆ ಎರಡು ವರ್ಷ ತಕ್ಕಡಿ ರಿಪೇರಿಯವರ ಬಳಿ ಕೆಲಸ: ತೂಕದ ಬಟ್ಟುಗಳ ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿ ತಿರುಗುವುದು, ತಕ್ಕಡಿಯ ಒಂದು ತಟ್ಟೆ ವಾಲಿದ್ದರೆ ಅಡಿಗೆ ಇಷ್ಟೇ ಇಷ್ಟು ಸೀಸ ಅಂಟಿಸಿ ಸಮ ಮಾಡುವುದು. ಆ ಕೆಲಸ ಅವನಿಗೆ ಇಷ್ಟವಿತ್ತು. ಅದನ್ನು ಬಿಟ್ಟು ಒಂದು ದೊಡ್ಡ ಅಂಗಡಿಯ ದೂರು ಕೌಂಟರಿಗೆ ಸೇರಿದ್ದು ಎದೆಯ ಮೇಲೆ ಹೆಸರಿನ ಬಿಲ್ಲೆ ಸಿಗುತ್ತದೆ ಎಂಬ ಒಂದೇ ಆಸೆಗೆ.

ನಾಲ್ಕನೆಯ ತಿಂಗಳಲ್ಲಿ ಯಾರೋ ಕೆಟ್ಟ ಇಸ್ತ್ರಿಪೆಟ್ಟಿಗೆ ತಂದು ಹಿಂದಿರುಗಿಸಿದರು, ಅವನು ಬದಲಿಗೆ ಹೊಸದು ಕೊಟ್ಟುಬಿಟ್ಟ. ಆಮೇಲೆ ನೋಡಿದರೆ ಅದು ತಮ್ಮ ಅಂಗಡಿಯ ಮಾಲೇ ಅಲ್ಲ. ಮ್ಯಾನೇಜರು ಹೊರಗೆ ಬಂದು, ಸಾಲಿನಲ್ಲಿ ನಿಂತ ಹತ್ತು ಹನ್ನೆರಡು ಜನರ ತಲೆಯ ಮೇಲಿಂದ, ಕೌಂಟರಿನ ಆಚೆಯಿಂದಲೇ ಕೂಗಿ ಹೇಳಿದರು: ನಾಳೆಯಿಂದ ಬರಬೇಡ. ಆಗ ಸಾಲಿನ ಮುಂದಿದ್ದ ಹೆಂಗಸು, ಪಾಪ, ಅವಳ ಕಷ್ಟ ಅವಳದು, "ಹಾಗಾದ್ರೆ ನನ್ನ ಮಿಕ್ಸಿ ಯಾರಪ್ಪ ನೋಡೋರು?" ಎಂದಳು. ಇಲ್ಲಿ ಸಭೆ ನಗುತ್ತಿತ್ತು. ಅವನು ಆ ಮಿಕ್ಸಿಯನ್ನು ನೋಡಿ, ಚೀಟಿ ಬರೆದುಕೊಟ್ಟು, ಆಮೇಲೆ ಎದೆಯ ಬಿಲ್ಲೆ ಕಿತ್ತು ಕೌಂಟರಿನ ಮೇಲಿಟ್ಟು ಹೊರಟ. ಇಲ್ಲಿ ಸಭೆ ಸುಮ್ಮನಾಗುತ್ತಿತ್ತು. ಅವತ್ತೇ ತೀರ್ಮಾನಿಸಿದೆ, ಇಂಥ ಮಾತನ್ನು ಯಾರೂ ಯಾರಿಗೂ ಎದುರು ನಿಂತು ಹೇಳಬಾರದು, ಪಕ್ಕದಲ್ಲಿ ಕೂತು ಹೇಳಬೇಕು. ಚಪ್ಪಾಳೆ. ಎಷ್ಟು ಸಲ ಹೇಳಿದ್ದನೆಂದರೆ ಆ ಹೆಂಗಸಿನ ಸೀರೆಯ ಬಣ್ಣ ಈಗ ಭಾಷಣದಲ್ಲಿ ಹೇಳುವ ಬಣ್ಣವೇ ಹೊರತು ನಿಜವಾಗಿ ಯಾವುದಿತ್ತೋ ನೆನಪಿಲ್ಲ. ಭಾಷಣದಲ್ಲಿ ಹೇಳದೆ ಬಿಟ್ಟದ್ದು ಒಂದಿತ್ತು. ಪಕ್ಕದಲ್ಲಿ ಕೂತರೆ ಮುಖ ನೋಡಬೇಕಾಗಿಲ್ಲ. ಇಬ್ಬರೂ ಒಂದೇ ಗೋಡೆ ನೋಡುತ್ತ ಕೂರಬಹುದು. ಹೀಗೆ ಅವನು ಕೆಳಗಿಳಿಸಿದ ಒಂಬತ್ತು ಜನರಲ್ಲಿ ಯಾರ ಹೆಗಲು ಹೇಗೆ ಕುಸಿಯಿತೆಂದು ಹೇಳಬಲ್ಲ, ಯಾರ ಮೊಣಕಾಲು ಕುಣಿಯುತ್ತಿತ್ತೆಂದೂ ಹೇಳಬಲ್ಲ. ಒಬ್ಬರ ಮುಖವೂ ಗೊತ್ತಿಲ್ಲ.

ಟೈರು ಅಂಗಡಿಯವನು ಕೈ ಒರೆಸಿಕೊಳ್ಳುತ್ತ ಇತ್ತ ನೋಡತೊಡಗಿದ್ದ. ಅವನು ಕಾರು ಚಾಲೂ ಮಾಡಿದ. ತಕ್ಕಡಿಯವನ ಫ್ಯಾಕ್ಟರಿಗೆ ಹೋಗೋಣ ಅನ್ನಿಸಿದ್ದು ಎರಡು ತಿರುವು ದಾಟಿದ ಮೇಲೆ, ಅನ್ನಿಸಿದ ಕೂಡಲೇ ಎದೆ ಹಗುರಾಯಿತು. ಬಂಡವಾಳ ಹಾಕಿದ ಇಪ್ಪತ್ತೇಳು ಕಂಪನಿಗಳವರಲ್ಲಿ ಅವನಿಗೆ ಸ್ನೇಹಿತ ಎನ್ನಬಹುದಾದವನು ತಕ್ಕಡಿಯವನೊಬ್ಬನೇ. ಅಂಗಡಿಗಳಿಗೆ ಬೇಕಾದ ವಿದ್ಯುತ್ ತಕ್ಕಡಿ ಮಾಡುವ ಸಣ್ಣ ಕಂಪನಿ, ಮೂವತ್ತೆಂಟು ಜನ. ಹನ್ನೊಂದು ವರ್ಷದ ಹಿಂದೆ ಇದಕ್ಕೆ ಹಣ ಹಾಕುವುದು ಬೇಡವೆಂದು ಉಳಿದ ಪಾಲುದಾರರೆಲ್ಲ ಮೂಗು ಮುರಿದಾಗ ಹಟ ಹಿಡಿದು ಹಾಕಿಸಿದವನು ಇವನೇ. ಅಲ್ಲಿಗೆ ಹೋದಾಗಲೆಲ್ಲ ಒಳಗೆ ಹೋಗಿ, ಸಿದ್ಧವಾದ ತಕ್ಕಡಿಗಳ ಸಾಲಿನ ಮುಂದೆ ನಿಂತು, ಹಿತ್ತಾಳೆಯ ಬಟ್ಟುಗಳನ್ನು ಒಂದೊಂದಾಗಿ ಇಟ್ಟು ಅಂಕಿ ಸರಿ ಬರುವುದನ್ನು ನೋಡುತ್ತಿದ್ದ. ಅರ್ಧ ಗಂಟೆ, ಒಮ್ಮೊಮ್ಮೆ ಒಂದು ಗಂಟೆ. ತಕ್ಕಡಿಯವನು ನಗುತ್ತ ಪಕ್ಕದಲ್ಲಿ ನಿಂತಿರುತ್ತಿದ್ದ. ಅವನಿಗೆ ಹೇಳಬಹುದು. ಒಮ್ಮೆ ಅವನಿಗೆ ಹೇಳಿ ಬಾಯಿ ಪಳಗಿದರೆ ಸಂಜೆ ಹೆಂಡತಿಗೆ ಹೇಳುವುದು ಸುಲಭ. ಮೂವತ್ತನಾಲ್ಕು ವರ್ಷ ಜೊತೆಗಿದ್ದ ಹೆಂಡತಿಗೆ ಹೇಳಲು ಯಾರದೋ ಹತ್ತಿರ ಅಭ್ಯಾಸ ಮಾಡಿಕೊಂಡು ಹೋಗಬೇಕಾಯಿತೇ ಎಂದು ನಾಚಿಕೆಯೂ ಆಯಿತು. ಆದರೆ ಅವಳಿಗೆ ಕೆಟ್ಟ ಸುದ್ದಿ ಹೇಳುವುದು ಅವನಿಗೆ ಎಂದೂ ಬಂದಿರಲಿಲ್ಲ. ಅವಳ ತಂದೆ ತೀರಿಕೊಂಡಾಗ ಆಸ್ಪತ್ರೆಯವರು ಮೊದಲು ಇವನಿಗೆ ಫೋನು ಮಾಡಿದ್ದರು. ಅವನು ಮೀಟಿಂಗಿನಿಂದ ಎದ್ದು ಮನೆಗೆ ಬಂದು, ಮಂಚದ ಮೇಲೆ ಅವಳ ಪಕ್ಕ ಕೂತು, ಒಂದೇ ಉಸಿರಿಗೆ ಹೇಳಿ, ಹೆಗಲು ತಟ್ಟಿ, ಮುಂದಿನ ವ್ಯವಸ್ಥೆಗೆಂದು ಫೋನು ಹಿಡಿದು ಹೊರಗೆ ಹೋದ. ಎಲ್ಲ ಅಚ್ಚುಕಟ್ಟಾಗಿ ನಡೆಯಿತು. ಎಷ್ಟೋ ದಿನದ ಮೇಲೆ ಅವಳು ಬಟ್ಟೆ ಮಡಚುತ್ತ, ಕೋಪವೇನೂ ಇಲ್ಲದೆ, "ಅವತ್ತು ಹೇಳೋಕೆ ಮುಂಚೆ ಒಂದು ನಿಮಿಷ ಸುಮ್ಮನೆ ಕೂತಿರಬಹುದಿತ್ತು ನೀವು" ಎಂದಿದ್ದಳು. ಅದಕ್ಕೆ ಅವನು ಏನು ಹೇಳಿದನೋ ನೆನಪಿಲ್ಲ. ಏನೋ ಸಮಜಾಯಿಷಿ ಹೇಳಿರಬೇಕು.

ಫ್ಯಾಕ್ಟರಿಯ ಗೇಟಿನವನು ಅವನ ಕಾರು ನೋಡಿ ಎದ್ದು ನಿಂತ. ಮುಂಬಾಗಿಲಿನ ಮೇಜಿನ ಹುಡುಗಿ ನಗಲು ಹೋಗಿ ಅರ್ಧಕ್ಕೆ ನಿಲ್ಲಿಸಿ, "ಸರ್ ಬರೋದು ಗೊತ್ತಿರಲಿಲ್ಲ" ಎಂದಳು. ಅವಳ ಕೈ ಫೋನಿನ ಮೇಲೆ ಹೋಯಿತು, ಎತ್ತಲೋ ಬೇಡವೋ ಎಂಬಂತೆ ಅಲ್ಲೇ ನಿಂತಿತು. ಒಳಗೆ ಬೆಸುಗೆ ಹಾಕುವ ಮೇಜುಗಳ ಸಾಲಿನಲ್ಲಿ ತಲೆಗಳು ಎದ್ದು ಮತ್ತೆ ಬಗ್ಗಿದವು. ರೇಡಿಯೊ ಹಾಡುತ್ತಿತ್ತು, ಯಾರೋ ಅದನ್ನು ಆರಿಸಿದರು. ಇದೆಲ್ಲ ಅವನ ಕಣ್ಣಿಗೆ ಬಿತ್ತು, ಆದರೆ ದೊಡ್ಡವರು ಬಂದಾಗ ತೋರಿಸುವ ಮರ್ಯಾದೆ ಎಂದುಕೊಂಡ. ತನ್ನ ಮುಖದಲ್ಲೇ ಎಲ್ಲ ಬರೆದಿದೆಯೇನೋ ಎಂಬ ಅಳುಕು ಬೇರೆ. ತಕ್ಕಡಿಯವನು ತನ್ನ ಕೋಣೆಯಲ್ಲಿ ಯಾವುದೋ ತಕ್ಕಡಿಯ ಹೊಟ್ಟೆ ಬಿಚ್ಚಿ ಕೂತಿದ್ದ. ತಲೆ ಎತ್ತಿದ, ಎದ್ದ. "ಬನ್ನಿ ಸರ್, ಬನ್ನಿ" ಎಂದು ಎದುರಿನ ಕುರ್ಚಿ ತೋರಿಸಿದ. ಏನು ಹೇಳುವುದು, ಎಲ್ಲಿಂದ ಶುರು ಮಾಡುವುದು ಎಂಬ ಯೋಚನೆಯಲ್ಲೇ ಇದ್ದ ಅವನ ಕಾಲುಗಳು ಅವನನ್ನು ಕೇಳದೆ ಮೇಜು ಸುತ್ತಿ ಆ ಕಡೆಗೆ ಹೋದವು. ಕಿಟಕಿಯ ಬಳಿ ಒಂದು ಕುರ್ಚಿಯಿತ್ತು. ಅದನ್ನು ಎತ್ತಿ, ಶಬ್ದ ಮಾಡದೆ, ತಕ್ಕಡಿಯವನ ಪಕ್ಕದಲ್ಲಿಟ್ಟು ಕೂತ. ಕಷ್ಟ ಹೇಳಿಕೊಳ್ಳಲು ಬಂದವನು ಇನ್ನೆಲ್ಲಿ ಕೂರಬೇಕು, ಹತ್ತಿರವೇ ಅಲ್ಲವೇ. ನಿಜವಾಗಿ ಆ ಗಳಿಗೆಯಲ್ಲಿ ಅವನಿಗೆ ಬೇರೇನೂ ಹೊಳೆಯಲಿಲ್ಲ.

ತಕ್ಕಡಿಯವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. ಎದುರಿನ ಗೋಡೆ ನೋಡಿದ. ಆಮೇಲೆ, "ನೀವೇನೂ ಹೇಳೋದು ಬೇಡ ಸರ್" ಎಂದ. "ಟೀ ಹೇಳ್ಲೋ ಬೇಡ್ವೋ, ಅದೊಂದು ಹೇಳಿ."

ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ಬಾಯಿ ತೆರೆದ, ಅಲ್ಲ ಎನ್ನಲು. ತಕ್ಕಡಿಯವನು ಕೈಯೆತ್ತಿ ತಡೆದ.

"ಮೂರು ತಿಂಗಳಿಂದ ಕಾಯ್ತಾನೇ ಇದೀನಿ. ಗೇಟ್ ಹತ್ರ ಕಾರು ನಿಂತ್ರೆ ಸಾಕು, ನಿಮ್ಮದೇನೋ ಅಂತ ಕಿಟಕಿಗೆ ಓಡ್ತಿದ್ದೆ. ಇವತ್ತಿಗೆ ಮುಗೀತಲ್ಲ, ಒಳ್ಳೇದೇ ಆಯ್ತು. ಹೊಸ ಮಾಡೆಲ್ ಹೋಗ್ಲಿಲ್ಲ, ನನ್ನದೇ ತಪ್ಪು, ಬೇರೆ ಯಾರದೂ ಅಲ್ಲ. ಒಂದೇ ಒಂದು ಕೇಳ್ಕೋತೀನಿ. ಒಳಗೆ ಕೊನೇ ಮೇಜಲ್ಲಿ ಕೂರ್ತಾರಲ್ಲ ವಯಸ್ಸಾದ ಫಿಟ್ಟರು, ಅವರನ್ನ ಮಾತ್ರ ಕಳಿಸಬೇಡಿ. ಅವರ ಕಣ್ಣು ಅಷ್ಟಕ್ಕಷ್ಟೆ ಆಗಿದೆ, ಹೊಸಬರು ಬಂದ್ರೆ ಮೊದಲು ಅವರನ್ನೇ ಕಳಿಸ್ತಾರೆ. ಕೈ ನೋಡಿ ಸರ್, ಕಣ್ಣು ನೋಡಬೇಡಿ." ಹೇಳುತ್ತ ಹೇಳುತ್ತ ಅವನು ಸೊಂಟದಿಂದ ಕೀಲಿ ಗೊಂಚಲು ಬಿಚ್ಚಿದ, ಡ್ರಾಯರಿನಿಂದ ಕಂಪನಿಯ ಮೊಹರು ತೆಗೆದ, ಎರಡನ್ನೂ ಮೇಜಿನ ಮೇಲಿದ್ದ ತಕ್ಕಡಿಯ ತಟ್ಟೆಯಲ್ಲಿ ಹಾಕಿದ. ಬೇರೆ ಜಾಗವಿರಲಿಲ್ಲ ಅಷ್ಟೆ. ತಕ್ಕಡಿ ತನ್ನ ಪಾಡಿಗೆ ತಾನು ನಾನೂರ ಹನ್ನೆರಡು ಗ್ರಾಂ ಎಂದು ತೋರಿಸಿತು. ಅನಂತರ ಅವನು ಫೋನು ತೆಗೆದು, "ಮನೆಯವಳಿಗೆ ನಾನೇ ಹೇಳಿಬಿಡ್ತೀನಿ ಸರ್, ಒಂದ್ನಿಮಿಷ" ಎಂದು, ಅಲ್ಲೇ, ಪಕ್ಕದಲ್ಲೇ ಕೂತು, ಹೆಂಡತಿಗೆ ಫೋನು ಮಾಡಿದ. "ಬಂದಿದಾರೆ" ಎಂದ. "ಹೂಂ. ಪಕ್ಕದಲ್ಲೇ ಕೂತಿದಾರೆ... ಇಲ್ಲ, ಅಳ್ತಾ ಇಲ್ಲ." ಅಳುತ್ತಿದ್ದ. ಅತ್ತಲಿಂದ ಅವಳು ಹೇಳುತ್ತಿದ್ದುದು ಅಸ್ಪಷ್ಟವಾಗಿ ಕೇಳಿಸುತ್ತಿತ್ತು, ಗಾಬರಿಯಿಲ್ಲದ ಸ್ವರ, ಮನೆಗೆ ಬಾ, ಮೊದಲು ಮನೆಗೆ ಬಾ ಎಂದು ಎರಡು ಮೂರು ಸಲ.

ತಡೆಯಬೇಕಾಗಿತ್ತು. ಮೊದಲನೆಯ ವಾಕ್ಯಕ್ಕೇ ತಡೆಯಬಹುದಾಗಿತ್ತು, ಕೀಲಿ ಬಿಚ್ಚಿದಾಗಲಾದರೂ. ಅವನು ತಡೆಯಲಿಲ್ಲ. ನಾಲ್ಕೈದು ನಿಮಿಷ ಪೂರ್ತಿ ಬಾಯಿ ಮುಚ್ಚಿಕೊಂಡು ಕೂತಿದ್ದ. ಆಘಾತದಿಂದ ಮಾತು ಹೊರಡಲಿಲ್ಲ ಎಂದು ಆಮೇಲೆ ತನಗೆ ತಾನು ಹೇಳಿಕೊಳ್ಳಲು ನೋಡಿದ, ಮನಸ್ಸು ಒಪ್ಪಲಿಲ್ಲ. ಅವನು ಕತ್ತು ಹೊರಳಿಸಿ ನೋಡುತ್ತಿದ್ದ. ಕೆಲಸ ಹೋಯಿತೆಂದು ತಿಳಿದ ಮನುಷ್ಯನ ಮುಖ ಹೇಗಿರುತ್ತದೆ ಎಂದು ಮೊದಲ ಸಲ ನೋಡುತ್ತಿದ್ದ, ನೋಡುವುದನ್ನು ನಿಲ್ಲಿಸಲಾಗಲಿಲ್ಲ. ಮೂಗಿನ ಪಕ್ಕದ ಚರ್ಮ ಬಿಳಿಚಿಕೊಂಡಿತ್ತು. ತುಟಿ ಮಾತ್ರ ಏನೋ ತಿನ್ನುತ್ತಿರುವಂತೆ ಆಡುತ್ತಿತ್ತು. ಅದಕ್ಕಿಂತ ಕೆಟ್ಟದು ಇನ್ನೊಂದಿತ್ತು. ಅವನಿಗೆ ಹೊಟ್ಟೆಕಿಚ್ಚಾಯಿತು. ಸುಳ್ಳು ಸುದ್ದಿ ಬಂದು ಐದು ನಿಮಿಷವಾಗಿಲ್ಲ, ಈ ಮನುಷ್ಯ ಆಗಲೇ ಹೆಂಡತಿಯ ಮುಂದೆ ಕೂತಂತೆ ಅಳುತ್ತಿದ್ದಾನೆ. ತಾನು ನಿಜ ಸುದ್ದಿಯನ್ನು ಇಪ್ಪತ್ತನಾಲ್ಕು ಗಂಟೆಯಿಂದ ಅಂಗಿಯೊಳಗೆ ಇಟ್ಟುಕೊಂಡು ಟೈರಿಗೆ ಗಾಳಿ ಹಾಕಿಸುತ್ತ ತಿರುಗುತ್ತಿದ್ದೇನೆ.

"ನಿನ್ನನ್ನಲ್ಲ" ಎಂದ ಕಡೆಗೆ. ಸ್ವರ ಗೊಗ್ಗರಾಗಿ ಬಂತು. "ನನ್ನನ್ನ ತೆಗೆದಿದಾರೆ. ನಿನ್ನೆ. ಅದನ್ನ ಹೇಳೋಣ ಅಂತ ಬಂದೆ."

ತಕ್ಕಡಿಯವನು ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಆಮೇಲೆ ಆ ಮುಖದಲ್ಲಿ ಬಣ್ಣ ತುಂಬಿಕೊಂಡಿತು. ಕಣ್ಣು ಅರಳಿತು, ಭುಜ ಮೇಲೆದ್ದಿತು, ಹಲ್ಲು ಕಂಡಿತು. ಸಂತೋಷ. ಮುಚ್ಚಿಟ್ಟುಕೊಳ್ಳಲು ಬಿಡುವೇ ಸಿಗದ, ಮಕ್ಕಳಿಗೆ ಮಾತ್ರ ಬರುವಂಥ ಅಪ್ಪಟ ಸಂತೋಷ. ಮರುಕ್ಷಣ ಅದು ತಪ್ಪೆಂದು ಹೊಳೆದು ಕೈಯಿಂದ ಬಾಯಿ ಒರೆಸಿಕೊಂಡ, ಮುಖ ಸಪ್ಪಗೆ ಮಾಡಿಕೊಳ್ಳಲು ನೋಡಿದ, ಆಗಲಿಲ್ಲ. "ಅಯ್ಯೋ, ಏನ್ ಸರ್ ಇದು, ಛೆ" ಎಂದ. "ಒಂದ್ನಿಮಿಷ ಇರಿ, ಬಂದೆ." ಬಾಗಿಲಿನಾಚೆ ಹೋದ. ಬಾಗಿಲು ಪೂರ್ತಿ ಮುಚ್ಚಿಕೊಳ್ಳಲಿಲ್ಲ. "ನಾನಲ್ಲ ಕಣೆ" ಎಂಬ ಪಿಸುಮಾತು ಕೇಳಿಸಿತು. "ನಾನಲ್ಲ, ನಾನಲ್ಲ. ಅವರನ್ನೇ ತೆಗೆದಿದಾರಂತೆ. ಆಣೆ ಮಾಡಿ ಹೇಳ್ತೀನಿ." ಆಮೇಲೆ ಒಂದು ಉಸಿರು, ನಗುವೋ ಬಿಕ್ಕೋ ತಿಳಿಯದಂಥದು. ಒಳಗೆ ಯಾರೋ ಮತ್ತೆ ರೇಡಿಯೊ ಹಾಕಿದರು. ಅವನು ತಟ್ಟೆಯಲ್ಲಿದ್ದ ಕೀಲಿ ಗೊಂಚಲನ್ನೂ ಮೊಹರನ್ನೂ ತೆಗೆದು ಮೇಜಿನ ಮೇಲಿಟ್ಟ. ಹನ್ನೊಂದು ವರ್ಷ ತಾನು ಬಟ್ಟು ಇಡುತ್ತ ಇಡುತ್ತ ಆಡುತ್ತಿದ್ದಾಗ ಪಕ್ಕದಲ್ಲಿ ನಗುತ್ತ ನಿಂತಿರುತ್ತಿದ್ದ ಮನುಷ್ಯನ ನೆನಪಾಯಿತು. ಹಣ ಹಾಕಿದವನ ಪಕ್ಕದಲ್ಲಿ ನಗುತ್ತ ನಿಲ್ಲದೆ ಅವನು ಇನ್ನೇನು ಮಾಡಬಹುದಾಗಿತ್ತು.

ಟೀ ಬಂತು, ಜೊತೆಗೆ ತಕ್ಕಡಿಯವನೂ. ಈಗ ಅವನು ಬಹಳ ಒಳ್ಳೆಯವನಾಗಿದ್ದ. ಬಿಸ್ಕತ್ತಿನ ತಟ್ಟೆಯನ್ನು ಎರಡು ಸಲ ಮುಂದಕ್ಕೆ ತಳ್ಳಿದ, ಯಾರು ಮಾಡಿದ್ದು, ಹೇಗೆ ಮಾಡಿದರು ಎಂದು ವಿಚಾರಿಸಿದ. ಸಣ್ಣವನು ಕುರ್ಚಿ ಎತ್ತಿ ತಂದದ್ದನ್ನು ಹೇಳಿದಾಗ ತಕ್ಕಡಿಯವನು ತಲೆ ತಗ್ಗಿಸಿ ಕಪ್ಪಿನೊಳಗೆ ನೋಡಿದ. "ಬೇಜಾರು ಮಾಡ್ಕೋಬೇಡಿ ಸರ್, ಇನ್ನು ಹೇಳಿದ್ರೆ ತಪ್ಪಿಲ್ಲ ಅನ್ಸುತ್ತೆ. ನಿಮ್ಮ ಹಣ ತಗೊಂಡ ಕಂಪನಿಯವರೆಲ್ಲ ನಿಮಗೆ ಇಟ್ಟಿರೋ ಹೆಸರು ಗೊತ್ತಾ? ಪಕ್ಕದ ಕುರ್ಚಿ. ಪಕ್ಕದ ಕುರ್ಚಿ ಇವತ್ತು ಯಾರ ಕಡೆ ಹೋಯ್ತಪ್ಪ ಅಂತ ಒಬ್ರಿಗೊಬ್ರು ಫೋನ್ ಮಾಡ್ಕೋತಿದ್ವಿ. ನನ್ನ ಹೆಂಡತಿ ಅಂತೂ ಮಗು ಊಟ ಮಾಡದೇ ಇದ್ರೆ ಅದೇ ಹೆಸರು ಹೇಳಿ ಹೆದರಿಸೋಳು, ತಮಾಷೆಗೆ." ಕೇಳಿ ಅವನೂ ನಕ್ಕ. ನಗಲೇಬೇಕಾಗಿತ್ತು. "ನಾನು ಅದನ್ನ ಒಳ್ಳೇದಕ್ಕೇ ಅಂತ..." ಎಂದು ಶುರು ಮಾಡಿ ಅಲ್ಲೇ ಬಿಟ್ಟ. ದೂರು ಕೌಂಟರಿನ ಕತೆ ಹೇಳುವಷ್ಟು ತ್ರಾಣವಿರಲಿಲ್ಲ. "ಒಳ್ಳೇದಕ್ಕೇ ಸರ್, ಅದು ನಮಗೂ ಗೊತ್ತು" ಎಂದ ತಕ್ಕಡಿಯವನು. "ಆದ್ರೆ ಎದುರಿಗೆ ಕೂತು ನಾಲ್ಕು ಬೈದಿದ್ರೆ, ನಾವೂ ನಾಲ್ಕು ಬೈಬಹುದಿತ್ತು. ಪಕ್ಕ ಬಂದು ಕೂತೋರನ್ನ ಹೇಗೆ ಬೈಯೋದು."

ಟೀ ಮುಗಿಯಿತು. ಏಳುವಾಗ ತಕ್ಕಡಿಯವನು, "ಮನೇಲಿ ಅಕ್ಕ ಏನಂದ್ರು?" ಎಂದು ಕೇಳಿದ. ಇನ್ನೂ ಹೇಳಿಲ್ಲ ಎಂದಾಗ ಅವನು ಮೊದಲ ಸಲ ನಿಜವಾಗಿ ಕನಿಕರದಿಂದ ನೋಡಿದ.

"ನಿನ್ನೆ ಆಗಿದ್ದು ಅಂದ್ರಿ."

"ಹೌದು."

"ಹೋಗಿ ಸರ್. ಈಗಲೇ ಹೋಗಿ. ಇಂಥದ್ದೆಲ್ಲ ಹೆಂಡತಿ ಹತ್ರ ಬಿಟ್ಟು ಇನ್ಯಾರ ಹತ್ರ ಹೇಳ್ಕೊಳೋದು."

ಮನೆಯ ದಾರಿಯಲ್ಲಿ ಅವನಿಗೆ ಆಶ್ಚರ್ಯವಾಗುವಷ್ಟು ನೆಮ್ಮದಿಯಿತ್ತು. ಹೋಗಿ ಹೇಳುವುದು. ಮುಂಚೆ ಒಂದು ನಿಮಿಷ ಸುಮ್ಮನಿರುವುದು, ಆಮೇಲೆ ಹೇಳುವುದು. ಹೇಳಿದ ಮೇಲೆ ಫೋನು ಹಿಡಿದು ಹೊರಗೆ ಹೋಗಲು ಈ ಸಲ ಯಾವ ವ್ಯವಸ್ಥೆಯೂ ಮಾಡಬೇಕಾಗಿಲ್ಲ, ಅಲ್ಲೇ ಇರಬಹುದು. ಅವಳು ಅಳಬಹುದು, ಅತ್ತರೆ ತನಗೂ ಅಳು ಬರಬಹುದು. ಮಧ್ಯಾಹ್ನ ಒಂದು ಗಂಟೆ. ಈ ಬೀದಿಯನ್ನು ಇಷ್ಟು ಬಿಸಿಲಿನಲ್ಲಿ ಅವನು ನೋಡಿಯೇ ಇರಲಿಲ್ಲ. ಎದುರುಮನೆಯ ಗೋಡೆ ಹಳದಿ ಎಂದು ಇವತ್ತು ಗೊತ್ತಾಯಿತು, ಸಂಜೆ ದೀಪದಲ್ಲಿ ಅದು ಬಿಳಿಯಾಗಿರುತ್ತಿತ್ತು. ಮನೆಯ ಮುಂದೆ ಎರಡು ಸ್ಕೂಟರ್ ನಿಂತಿದ್ದವು. ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು, ಹೆಂಡತಿಯ ಅಕ್ಷರ: ಒಳಗೆ ಓದು ನಡೆಯುತ್ತಿದೆ, ದಯವಿಟ್ಟು ಬೆಲ್ ಒತ್ತಬೇಡಿ. ಚೀಟಿಯ ಅಂಚು ಮಾಸಿತ್ತು, ಗೋಂದಿನ ಹಳೆಯ ಗುರುತುಗಳು ಬಾಗಿಲಿನ ಮೇಲೆ ಒಂದರ ಮೇಲೊಂದು ಕೂತಿದ್ದವು. ದಿನವೂ ಸಂಜೆ ಕಿತ್ತು ಬೆಳಿಗ್ಗೆ ಅಂಟಿಸುತ್ತಾಳೆ. ಕಣ್ಣು ಕಾಣದ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಓದಿ ಧ್ವನಿ ಮುದ್ರಿಸುವ ಕೆಲಸ, ಒಂಬತ್ತು ವರ್ಷದಿಂದ ಮಾಡುತ್ತಿದ್ದಾಳೆ. ಅವನಿಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ, ಏನೋ ಓದುತ್ತಾಳೆ, ಹೊತ್ತು ಹೋಗುತ್ತದೆ ಎಂದು ಯಾರಾದರೂ ಕೇಳಿದರೆ ಹೇಳುವಷ್ಟು ಗೊತ್ತಿತ್ತು.

ಅವನು ಸುತ್ತುಹಾಕಿ ಅಡುಗೆಮನೆಯ ಬಾಗಿಲಿನಿಂದ, ತನ್ನದೇ ಮನೆಗೆ, ಬೆಕ್ಕಿನ ಹೆಜ್ಜೆಯಿಟ್ಟು ಒಳಗೆ ಬಂದ. ನಡುಮನೆಯ ಬಾಗಿಲು ಒಂದು ಗೇಣು ತೆರೆದಿತ್ತು. ಕಿಟಕಿಗಳಿಗೆಲ್ಲ ದಪ್ಪ ರಜಾಯಿ ಕಟ್ಟಿದ್ದರು. ಅವನು ಸಂಜೆ ಕೂರುವ ದೊಡ್ಡ ಕುರ್ಚಿಯನ್ನು ಬಚ್ಚಲಿನ ಕಡೆಯ ಗೋಡೆಗೆ ಒತ್ತಿ ನಿಲ್ಲಿಸಿ ಅದರ ಮೇಲೆ ಚೀಲಗಳನ್ನು ಹೇರಿದ್ದರು. ನಡುವೆ ಮೇಜು, ಮೈಕು, ಸುತ್ತ ನಾಲ್ವರು ಹೆಂಗಸರು. ಒಬ್ಬಳು ಯಾವುದೋ ಮಾತಿಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ನಗಿಸುತ್ತಿದ್ದವಳು ಅವನ ಹೆಂಡತಿ. ಯಾರದೋ ಗೊಗ್ಗರು ದನಿಯನ್ನು ಅಣಕಿಸುತ್ತಿದ್ದಳು, ಕೈ ತಿರುಗಿಸಿ, ಹುಬ್ಬು ಹಾರಿಸಿ. ಅವಳಿಗೆ ಅಣಕಿಸಲು ಬರುತ್ತದೆ ಎಂದು ಅವನಿಗೆ ತಿಳಿದಿರಲಿಲ್ಲ. ಅಷ್ಟರಲ್ಲಿ ಅವಳ ಕಣ್ಣು ಇತ್ತ ತಿರುಗಿತು. ನಗು ಇಳಿದುಹೋಯಿತು. ಎದ್ದು ಬಂದಳು, ಅಡುಗೆಮನೆಯ ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು.

"ಏನಾಯ್ತು? ಮೈ ಹುಷಾರಿಲ್ವಾ?"

ಒಂದು ನಿಮಿಷ ಸುಮ್ಮನಿರಬೇಕೆಂದು ನಿಶ್ಚಯಿಸಿ ಬಂದಿದ್ದ. ಆಗಲಿಲ್ಲ. "ಆಫೀಸಿಂದ ನನ್ನ ತೆಗೆದರು" ಎಂದ. "ನಿನ್ನೆನೇ. ಹೇಳೋಕಾಗ್ಲಿಲ್ಲ."

ಅವಳು ಅವನ ತೋಳು ಹಿಡಿದುಕೊಂಡಳು. ಅವಳ ಕಣ್ಣಿನಲ್ಲಿ ನೋವು ಕಂಡಿತು, ಅದರಲ್ಲಿ ಸುಳ್ಳಿರಲಿಲ್ಲ. "ನಿನ್ನೆಯಿಂದ ಒಬ್ಬರೇ ಇಟ್ಕೊಂಡಿದೀರಾ" ಎಂದಳು. "ಏನಾದ್ರೂ ತಿಂದ್ರಾ?" ಎಂದಳು. ತೋಳಿನ ಮೇಲಿನ ಕೈ ಒಮ್ಮೆ ಮೇಲೆ ಕೆಳಗೆ ಆಡಿತು. ಇನ್ನು ಸ್ವಲ್ಪ ಹೊತ್ತು ಅದು ಹಾಗೇ ಇದ್ದರೆ ತಾನು ಅತ್ತುಬಿಡುತ್ತೇನೆ ಎಂದು ಅವನಿಗೆ ಅನ್ನಿಸಿತು, ಹಾಗಾಗಲಿ ಎಂದು ಆಸೆಯೂ ಆಯಿತು. ಕೈ ನಿಂತಿತು. ಅವಳು ಏನೋ ಯೋಚಿಸುತ್ತಿದ್ದಳು. ಮುಚ್ಚಿದ ಬಾಗಿಲಿನ ಕಡೆ ಒಮ್ಮೆ ನೋಡಿದಳು.

"ಹಾಗಾದ್ರೆ ನಾಳೆಯಿಂದ ಮನೆಲೇ ಇರ್ತೀರಾ?"

ಗಡಸಾಗಿ ಕೇಳಲಿಲ್ಲ. ಬಹಳ ಮೆತ್ತಗೆ, ಮರ್ಯಾದೆಯಿಂದ, ಬಂದ ನೆಂಟರಿಗೆ ನೋವಾಗದಂತೆ ಎಷ್ಟು ದಿನ ಇರುತ್ತೀರಿ ಎಂದು ವಿಚಾರಿಸುವವರ ಹಾಗೆ ಕೇಳಿದಳು. ಅವನು ಹೂಂ ಎನ್ನುವುದಕ್ಕೂ ಮೊದಲೇ, "ಇರಿ, ಇರಬಾರದು ಅಂತಲ್ಲ" ಎಂದು ಸೇರಿಸಿದಳು. "ಮಹಡಿ ಮೇಲಿನ ಕೋಣೆ ಖಾಲಿ ಮಾಡಿಕೊಡ್ತೀನಿ. ಗಾಳಿ ಚೆನ್ನಾಗಿ ಬರುತ್ತೆ ಅಲ್ಲಿ. ಹತ್ತರಿಂದ ನಾಲ್ಕರ ತನಕ ಅಷ್ಟೇ ತೊಂದರೆ." ನಡುಮನೆಯಿಂದ ಯಾರೋ, "ಅಕ್ಕಾ, ಆ ಪುಟ ಇನ್ನೊಂದ್ಸಲ ಓದಬೇಕು, ಬನ್ನಿ" ಎಂದು ಕರೆದರು.

"ನಾನೂ ಬಂದು ಒಳಗೆ ಕೂರಲಾ? ಒಂದು ಮೂಲೆಲಿ?"

ಅವಳು ತಡವರಿಸಿದಳು. "ಇವತ್ತು ಬೇಡ. ಹೊಸಬರಿದ್ರೆ ಅವರಿಗೆ ದನಿ ಏಳಲ್ಲ." ಹೋಗುತ್ತಿದ್ದವಳು ಬಾಗಿಲಲ್ಲಿ ನಿಂತು ಹಿಂತಿರುಗಿದಳು. "ಇನ್ನೊಂದು ಇಪ್ಪತ್ತು ನಿಮಿಷ. ನಲ್ಲಿ ತಿರುಗಿಸಬೇಡಿ, ಪಾತ್ರೆಗೀತ್ರೆ ಮುಟ್ಟಬೇಡಿ. ಈ ಮೈಕು ಎಲ್ಲಾನೂ ಹಿಡಿದುಬಿಡುತ್ತೆ."

ಬಾಗಿಲು ಮುಚ್ಚಿತು. ಅವನು ಇದ್ದಲ್ಲೇ ನಿಂತ. ಸ್ವಲ್ಪ ಹೊತ್ತಿನ ಮೇಲೆ ಅವಳ ದನಿ ಬಂತು, ಗಾಳಿ ಯಾಕೆ ಬೀಸುತ್ತದೆ ಎಂಬ ಪಾಠ. ಬಿಸಿಯಾದ ಗಾಳಿ ಹಗುರಾಗಿ ಮೇಲೆ ಹೋಗುತ್ತದೆ, ಅದು ಬಿಟ್ಟ ಜಾಗಕ್ಕೆ ಬೇರೆ ಕಡೆಯ ತಣ್ಣನೆಯ ಗಾಳಿ ಬರುತ್ತದೆ. ನಿಧಾನವಾಗಿ, ಪ್ರತಿ ಮಾತನ್ನೂ ಕೈಗಿತ್ತಂತೆ, ಎಲ್ಲೋ ಕೂತು ಕೇಳುವ ಕಾಣದ ಮಗುವಿಗೆ ತಪ್ಪಿಹೋಗದ ಹಾಗೆ ಓದುತ್ತಿದ್ದಳು. ಇಷ್ಟು ಚೆಂದದ ದನಿ ಈ ಮನೆಯಲ್ಲಿತ್ತು. ಬೇರೆ ಯಾರ ಮನೆಯಲ್ಲಾದರೂ ಕೇಳಿದ್ದರೆ ಯಾರದು ಎಂದು ವಿಚಾರಿಸುತ್ತಿದ್ದ. ಅವನಿಗೆ ಬಾಯಾರಿತ್ತು. ಬಂದ ಕೂಡಲೇ ನೀರು ಕುಡಿಯಲೆಂದು ಎತ್ತಿಕೊಂಡ ಖಾಲಿ ಲೋಟ ಕೈಯಲ್ಲೇ ಇತ್ತು, ಅದನ್ನು ಕಟ್ಟೆಯ ಮೇಲಿಟ್ಟರೂ ಶಬ್ದವಾಗುತ್ತದೆ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಉಗುಳು ನುಂಗಿದ್ದೂ ಕೇಳಿಸಬಾರದೆಂದು ನೋಡಿಕೊಳ್ಳುತ್ತ, ಇಪ್ಪತ್ತು ನಿಮಿಷ ಮುಗಿಯುವುದನ್ನು ಕಾಯತೊಡಗಿದ.